ಶಾಲೆ ಬಿಡಲು ಕಾರಣ

ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ನಾನು ಆರು ವರ್ಷ ಪಾಠ ಮಾಡಿದ್ದೇನೆ. ಸಂಬಳಕ್ಕಲ್ಲ. ಹಗಲು ಬ್ಯಾಂಕಿನಲ್ಲಿ ಗುಮಾಸ್ತಿಕೆ, ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಶಾಲೆ, ಆಮೇಲೆ ಲೋಕಲ್ ಹಿಡಿದು ಚಾಳಿನ ಕೋಣೆಗೆ. 1973ರಿಂದ 1979ರವರೆಗೆ ಇದೇ ನನ್ನ ದಿನಚರಿ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂದು ಇಲ್ಲಿ ಒಂದು ನೌಕರಿ ಹಿಡಿದವರಲ್ಲಿ ಹಲವರು ಆಗ ಇಂಥದೊಂದು ಸೇವೆ ಮಾಡುತ್ತಿದ್ದರು. ನಮ್ಮ ವಿದ್ಯಾರ್ಥಿಗಳು ಹೆಚ್ಚಿನವರು ಹೋಟೆಲು ಹುಡುಗರು. ಹನ್ನೆರಡು, ಹದಿಮೂರು ವರ್ಷಕ್ಕೆ ಊರಿನ ಯಾರದೋ ಕೈ ಹಿಡಿದು ಬಂದವರು. ಕೆಲವರಿಗೆ ಮೀಸೆ ಬಂದಿತ್ತು, ಏಳನೇ ಕ್ಲಾಸು ಮುಗಿದಿರಲಿಲ್ಲ.

ಶಾಲೆಗೊಂದು ಜನರಲ್ ರಿಜಿಸ್ಟರ್ ಇತ್ತು. ಹೆಸರು, ಊರು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ. ಕೊನೆಯ ಕಡೆಗೆ ಒಂದು ಕಲಂ: 'ಶಾಲೆ ಬಿಡಲು ಕಾರಣ'. ಅದನ್ನು ತುಂಬಲು ಮುಖ್ಯೋಪಾಧ್ಯಾಯರು ನಮಗೆ ಹೇಳಿಕೊಟ್ಟ ಉತ್ತರಗಳು ಎರಡೇ. ಹುಡುಗ ಹೇಳಿ ಹೋದರೆ 'ಊರಿಗೆ ಹೋದನು'. ಹೇಳದೆ ಹೋದರೆ 'ಓದಿನಲ್ಲಿ ಆಸಕ್ತಿ ಇಲ್ಲ'. ಪುಟ ತಿರುವಿದರೆ ಮೇಲಿಂದ ಕೆಳಗಿನವರೆಗೆ ಇವೆರಡೇ. ಬೇರೆ ಬೇರೆ ಮಾಸ್ತರರ ಅಕ್ಷರ, ಬೇರೆ ಬೇರೆ ಶಾಯಿ, ಮಾತು ಮಾತ್ರ ಅದೇ.

ನಾನೂ ಬರೆದಿದ್ದೇನೆ. ಕುಂದಾಪುರದ ಕಡೆಯ ಒಬ್ಬ ಹುಡುಗನ ಹೆಸರಿನ ಮುಂದೆ ಬರೆದದ್ದು ಇವತ್ತಿಗೂ ನೆನಪಿದೆ. ಏಳನೇ ಕ್ಲಾಸಿನಲ್ಲಿದ್ದ. ಲೆಕ್ಕದಲ್ಲಿ ಚುರುಕು. ಆದರೆ ಎಂಟು ಗಂಟೆ ಆಗುತ್ತಿದ್ದಂತೆ ತೂಕಡಿಸಲು ಸುರು ಮಾಡುತ್ತಿದ್ದ. ಒಂದು ದಿನ ಹಲಗೆಯ ಮೇಲೆ ಬಡ್ಡಿಯ ಲೆಕ್ಕ ಹಾಕಿ ತಿರುಗಿ ನೋಡುತ್ತೇನೆ, ಹುಡುಗ ಡೆಸ್ಕಿನ ಮೇಲೆ ತಲೆ ಇಟ್ಟು ಗೊರಕೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೂ ಇಡೀ ದಿನದ ದಣಿವು. "ನಿದ್ದೆ ಮಾಡ್ಲಿಕ್ಕೆ ಇಲ್ಲಿಗೆ ಬರೂದು ಎಂತಕ್ಕೆ? ಹೋಗು, ಹೋಟೆಲಲ್ಲೇ ಬಿದ್ಕೋ" ಅಂದೆ. "ಆಯ್ತ್ ಮಾಷ್ಟ್ರೇ" ಅಂದ. ಪುಸ್ತಕ ಎತ್ತಿಕೊಂಡ, ಹೋದ. ಆಮೇಲೆ ಬರಲಿಲ್ಲ. ಒಂದು ತಿಂಗಳು ಕಾದು ಕಲಂ ತುಂಬಿದೆ: 'ಓದಿನಲ್ಲಿ ಆಸಕ್ತಿ ಇಲ್ಲ'.

ಮುಂದೆ 1976ರಲ್ಲಿ, ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬ ಮರಾಠಿ ಹುಡುಗಿ ನಮ್ಮ ಶಾಲೆಗೆ ಬಂದಳು. ಹೆಗಲಿಗೆ ಜೋಳಿಗೆ, ಕೈಯಲ್ಲಿ ಟೈಪು ಮಾಡಿದ ಪ್ರಶ್ನೆಗಳ ಹಾಳೆ. ರಾತ್ರಿ ಶಾಲೆಗಳ ಬಗ್ಗೆ ಅಧ್ಯಯನವಂತೆ. ಮುಖ್ಯೋಪಾಧ್ಯಾಯರಿಗೆ ಇಷ್ಟವಾಗಲಿಲ್ಲ. "ಇವರಿಗೆ ಬೇರೆ ಎಂತ ಕೆಲಸ ಇಲ್ವಾ ಮಾರಾಯ್ರೇ? ಓದುವವ ಓದ್ತಾನೆ, ಓದದವ ಬಿಡ್ತಾನೆ. ಅದ್ರಲ್ಲಿ ಸಂಶೋಧನೆ ಎಂತದ್ದು?" ಅಂದರು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅವಳಿಗೆ ಕನ್ನಡ ಬರುತ್ತಿರಲಿಲ್ಲ, ತುಳುವಂತೂ ದೂರವೇ. ಜತೆಗೆ ಯಾರಾದರೂ ಹೋಗಬೇಕಲ್ಲ? ನಾನು ಹೋದೆ.

ಅವಳು ಕೇಳಿದ್ದು ರಿಜಿಸ್ಟರಿನಲ್ಲಿ ಇದ್ದವರ ಪಟ್ಟಿಯನ್ನಲ್ಲ, ಬಿಟ್ಟುಹೋದವರ ಪಟ್ಟಿಯನ್ನು. ಶನಿವಾರ ಮಧ್ಯಾಹ್ನ, ಭಾನುವಾರ, ನಾವಿಬ್ಬರೂ ಹೋಟೆಲು ಹೋಟೆಲು ತಿರುಗಿದೆವು. ಅವಳ ಪ್ರಶ್ನೆಗಳು ನನಗೆ ವಿಚಿತ್ರವಾಗಿ ಕಾಣುತ್ತಿದ್ದವು. ಎಷ್ಟು ಗಂಟೆಗೆ ಏಳುತ್ತಿ? ಎಲ್ಲಿ ಮಲಗುತ್ತಿ, ಅಲ್ಲಿ ದೀಪ ಉಂಟೋ? ಸಂಬಳ ನಿನ್ನ ಕೈಗೆ ಬರುತ್ತದೋ ಊರಿಗೆ ಹೋಗುತ್ತದೋ? ಊರಿಗೆ ಕಾಗದ ಯಾರು ಬರೆಯುತ್ತಾರೆ? ಹೋಟೆಲಿನಿಂದ ಶಾಲೆಗೆ ಎಷ್ಟು ದೂರ, ಬಸ್ಸಿಗೆ ಎಷ್ಟು? ಹೋಟೆಲಿನಲ್ಲಿ ರಷ್ ಯಾವಾಗ? 'ನಿನಗೆ ಓದಿನಲ್ಲಿ ಆಸಕ್ತಿ ಉಂಟೋ' ಎಂದು ಮಾತ್ರ ಅವಳು ಒಬ್ಬರನ್ನೂ ಕೇಳಲಿಲ್ಲ.

ಕೆಲವು ವಾರಗಳ ನಂತರ ಅವಳು ತನ್ನ ಹಾಳೆಗಳನ್ನು ನನ್ನ ಮುಂದೆ ಎರಡು ಕಟ್ಟು ಮಾಡಿ ಇಟ್ಟಳು. ಒಂದು ಕಟ್ಟಿನಲ್ಲಿ ಶಾಲೆಯಲ್ಲಿ ಉಳಿದು ಮೆಟ್ರಿಕ್ ಕಡೆಗೆ ನಡೆದವರು. ಇನ್ನೊಂದರಲ್ಲಿ ಬಿಟ್ಟವರು. ಒಂದೇ ಪ್ರಾಯ, ಒಂದೇ ಸೀಮೆ, ಎಷ್ಟೋ ಕಡೆ ಒಂದೇ ಜಾತಿ, ಒಂದೇ ಬಡತನ. ಒಂದು ಜೋಡಿಯಂತೂ ಅಣ್ಣ ತಮ್ಮ. ವ್ಯತ್ಯಾಸ ಎಲ್ಲಿತ್ತು ಅಂದರೆ, ಉಳಿದವರಲ್ಲಿ ಬಹುಪಾಲು ಕೋಟೆ ಪ್ರದೇಶದ ಆಫೀಸು ಕ್ಯಾಂಟೀನುಗಳ ಹುಡುಗರು. ಆಫೀಸು ಮುಚ್ಚಿದರೆ ಕ್ಯಾಂಟೀನೂ ಮುಚ್ಚಿತು, ಆರೂವರೆಗೆ ಕೈ ತೊಳೆದು ಶಾಲೆಗೆ ಬರಬಹುದು. ಬಿಟ್ಟವರಲ್ಲಿ ಬಹುಪಾಲು ರಸ್ತೆ ಬದಿಯ ಹೋಟೆಲಿನವರು. ಅಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಎತ್ತಬೇಕು, ಭಟ್ಟಿ ಹಚ್ಚಬೇಕು. ಸಂಜೆ ಏಳರಿಂದ ಹತ್ತೂವರೆಯವರೆಗೆ ಗಿರಾಕಿಗಳ ನೂಕುನುಗ್ಗಲು. ಅವರಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರರಿಂದ ಐದರವರೆಗೆ, ನಮ್ಮ ಶಾಲೆಗೆ ಬೀಗ ಬಿದ್ದಿರುವ ಹೊತ್ತಿಗೆ.

"ಶಾಲೆಯ ಹೊತ್ತೂ ಗಿರಾಕಿಯ ಹೊತ್ತೂ ಒಂದೇ ಮಾಷ್ಟ್ರೇ. ಎಂತ ಮಾಡೂದು?" ಎಂದು ಒಬ್ಬ ಹುಡುಗ ಕೇಳಿದ್ದ. ನಾನೇ ಅದನ್ನು ಮರಾಠಿಗೆ ಅನುವಾದ ಮಾಡಿ ಹೇಳಿದ್ದೆ. ಹೇಳುವಾಗ ನನಗೆ ಅರ್ಥವಾಗಿರಲಿಲ್ಲ.

ನಾನು ಹೊರಗೆ ಕಳಿಸಿದ ಹುಡುಗ ಕ್ಯಾಂಟೀನಿನವನಲ್ಲ, ರಸ್ತೆ ಬದಿಯ ಹೋಟೆಲಿನವನು. ಧಣಿಯ ಕೈಕಾಲು ಹಿಡಿದು ಎರಡು ಗಂಟೆ ಬಿಡಿಸಿಕೊಂಡು ಬರುತ್ತಿದ್ದನಂತೆ. ಅದರ ಬದಲಿಗೆ ರಾತ್ರಿ ಮರಳಿ ಹೋಗಿ ಮೋರಿಯಲ್ಲಿ ಉಳಿದ ತಪ್ಪಲೆಗಳನ್ನೆಲ್ಲ ತೊಳೆಯಬೇಕು. ಮಲಗುವಾಗ ಹನ್ನೆರಡೂವರೆ, ಏಳುವಾಗ ನಾಲ್ಕು. ಅಂಥವನಿಗೆ ಆಸಕ್ತಿ ಇಲ್ಲ ಎಂದು ಬರೆದವನು ನಾನು. ನಿಜ ಹೇಳಬೇಕೆಂದರೆ ಇಡೀ ಕ್ಲಾಸಿನಲ್ಲಿ ಅವನಷ್ಟು ಆಸಕ್ತಿ ಇದ್ದವನು ಇನ್ನೊಬ್ಬನಿರಲಿಲ್ಲ.

ಮುಂಬಯಿ ಕನ್ನಡಿಗರ ಬಗ್ಗೆ ಊರಲ್ಲಿ ಪ್ರಸಿದ್ಧವಾದ ಒಂದು ಕತೆ ಇದೆ. ಬರಿಗೈಯಲ್ಲಿ ಹೋದ ಹುಡುಗ ಹಗಲು ಲೋಟ ತೊಳೆದ, ರಾತ್ರಿ ಶಾಲೆಯಲ್ಲಿ ಓದಿದ, ಛಲದಿಂದ ದೊಡ್ಡ ಮನುಷ್ಯನಾದ. ಕತೆ ಸುಳ್ಳಲ್ಲ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ನಮ್ಮ ಅನೇಕ ಸಂಘಗಳು ಇಲ್ಲಿ ರಾತ್ರಿ ಶಾಲೆಗಳನ್ನು ನಡೆಸಿವೆ. ಅವುಗಳಲ್ಲಿ ಓದಿ ವಕೀಲರಾದವರು, ಬ್ಯಾಂಕು ಅಧಿಕಾರಿಗಳಾದವರು, ಹೋಟೆಲು ಮಾಲೀಕರಾದವರು ಎಷ್ಟೋ ಮಂದಿ. ಅವರ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಕತೆಯನ್ನು ಹೇಳುವವರೆಲ್ಲ ಗೆದ್ದವರು. ವಾರ್ಷಿಕೋತ್ಸವದ ವೇದಿಕೆಗೆ ಬರುವವರು ಅವರೇ. ಬಿಟ್ಟುಹೋದವನು ಭಾಷಣ ಮಾಡಲು ಬರುವುದಿಲ್ಲ. ಹಾಗಾಗಿ ಗೆದ್ದದ್ದು ಛಲದಿಂದ, ಸೋತದ್ದು ಛಲವಿಲ್ಲದ್ದರಿಂದ ಎಂದು ನಾವು ನಂಬಿಬಿಟ್ಟೆವು. ನಡುವೆ ಕ್ಯಾಂಟೀನು ಮುಚ್ಚುವ ಹೊತ್ತು ಎಂಬುದೊಂದು ಇದೆ ಎಂದು ನಮಗೆ ತೋರಿಸಲು ಕನ್ನಡ ಬಾರದ ಹುಡುಗಿ ಬರಬೇಕಾಯಿತು.

ಅಲ್ಲಿಂದ ನನಗೆ ಈ ಶಾಸ್ತ್ರದ ಹುಚ್ಚು ಹಿಡಿಯಿತು. ಪದವಿಗಾಗಿ ಅಲ್ಲ, ಒಂದು ಕಲಮಿನ ಮೂಲ ಹುಡುಕುವುದಕ್ಕಾಗಿ. ಗ್ರಂಥಾಲಯಗಳಲ್ಲಿ ಕುಳಿತು ಓದುತ್ತ ಹೋದಂತೆ ತಿಳಿಯಿತು: ಈ ಕಲಮಿಗೆ ನಮ್ಮ ಶಾಲೆಗಿಂತ ಬಹಳ ಹಳೆಯ ಇತಿಹಾಸವಿದೆ. ಅದರ ಒಂದು ತುದಿ ಮುಂಬಯಿಯಲ್ಲಿ, ಇನ್ನೊಂದು ತುದಿ ನಮ್ಮ ಧಾರವಾಡದಲ್ಲೇ.

ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ್ ಹುಡುಗ ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ಧಾರವಾಡದ ಸರಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಂಡಿಲ್ಲ ಎಂಬುದು ಅವನ ದೂರು. ಸರಕಾರ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನ್ಯಾಯ ಹುಡುಗನ ಕಡೆಗಿದೆ, ಆದರೆ ಈ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ, ಆದ್ದರಿಂದ ಆಗುವುದಿಲ್ಲ. ವಿಷಯ ಕಲ್ಕತ್ತೆಗೆ ಹೋಯಿತು, ಲಂಡನ್ನಿಗೆ ಹೋಯಿತು. ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಕಂಪನಿಯ ನಿರ್ದೇಶಕರು 1858ರಲ್ಲಿ ತತ್ತ್ವವಾಗಿ ಒಪ್ಪಿದರು. ಅದು ಕಾಗದದ ಮೇಲಿನ ಮಾತು. ಶಾಲೆಯ ಬಾಗಿಲಿಗೆ ಬಂದು ತಲುಪಲು ಹಲವು ದಶಕಗಳೇ ಬೇಕಾದವು.

ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಮುಂಬಯಿ ಸರಕಾರದ ಅಧಿಕಾರಿಗಳಿಗೆ ಸಮಾಜ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ಜಾತಿಯ ಲೆಕ್ಕ ಹಾಕಿಯೇ ಅವರು ಇಲ್ಲ ಅಂದದ್ದು. ಸಮಾಜ ಹೀಗಿದೆ, ಆದ್ದರಿಂದ ಶಾಲೆ ಹೀಗೆಯೇ ಇರಲಿ ಎಂಬುದು ಒಂದು ಬಗೆಯ ತಿಳಿವಳಿಕೆ. ಸಮಾಜ ಹೀಗಿದೆ, ಹಾಗಾದರೆ ಶಾಲೆ ಏನನ್ನು ಬದಲಾಯಿಸಿಕೊಳ್ಳಬೇಕು ಎಂಬುದು ಇನ್ನೊಂದು ಬಗೆ. ಸಂಶೋಧನೆ ಬೆಲೆಯುಳ್ಳದ್ದಾಗುವುದು ಈ ಎರಡನೆಯ ಪ್ರಶ್ನೆ ಕೇಳಿದಾಗ ಮಾತ್ರ. ಬರೀ ಮಾಹಿತಿ ಇದ್ದರೆ ಸಾಲದು ಎಂಬುದಕ್ಕೆ ಧಾರವಾಡದ ಆ ಹುಡುಗನೇ ಸಾಕ್ಷಿ.

ಎರಡನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ಮೊದಲಿಗರು ಪುಣೆಯ ಜೋತಿರಾವ್ ಫುಲೆ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಅವರು ಕೊಟ್ಟ ನಿವೇದನೆಯನ್ನು ಇವತ್ತು ಓದಿದರೂ ಬೆರಗಾಗುತ್ತದೆ. ಸರಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಆದರೆ ಆ ಹಣದ ವಿದ್ಯೆ ಹೋಗುವುದು ಮೇಲಿನವರ ಮಕ್ಕಳಿಗೆ ಎಂದು ಅವರು ಲೆಕ್ಕ ತೋರಿಸಿದರು. ಬಡವರ ಮಕ್ಕಳು ಶಾಲೆ ಬಿಡುವುದು ಯಾಕೆ ಎಂಬುದಕ್ಕೂ ಉತ್ತರ ಕೊಟ್ಟರು. ಮನೆಯಲ್ಲಿ ಬಡತನ, ದನ ಕಾಯಲು ಹೊಲ ನೋಡಿಕೊಳ್ಳಲು ಮಕ್ಕಳೇ ಬೇಕು, ಶಾಲೆಯಲ್ಲಿ ಉಳಿಯುವುದಕ್ಕೆ ವಿದ್ಯಾರ್ಥಿವೇತನದಂಥ ಆಸರೆ ಇಲ್ಲ, ಆದ್ದರಿಂದ ಏನಾದರೊಂದು ಕೆಲಸ ಸಿಕ್ಕಿದ ಕೂಡಲೇ ಬಿಡುತ್ತಾರೆ. ಕಡೇ ಪಕ್ಷ ಹನ್ನೆರಡು ವರ್ಷದವರೆಗಿನ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿ ಎಂದರು. ಆಗ ಸಮಾಜಶಾಸ್ತ್ರ ಎಂಬ ವಿಭಾಗ ಭಾರತದ ಯಾವ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಆದರೆ ಮಾಡಿದ ಕೆಲಸ ಅದೇ. 'ಆಸಕ್ತಿ ಇಲ್ಲ' ಎಂದು ಬರೆಯಬಹುದಾಗಿದ್ದ ಜಾಗದಲ್ಲಿ ದನ, ಹೊಲ, ಹಸಿವು ಎಂದು ಬರೆದರು.

ಮುಂದೆ ಈ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಮೊದಲ ವಿಭಾಗ ತೆರೆದದ್ದೂ ಮುಂಬಯಿ ವಿಶ್ವವಿದ್ಯಾಲಯವೇ, 1919ರಲ್ಲಿ. ಪ್ಯಾಟ್ರಿಕ್ ಗೆಡ್ಡಿಸ್ ಅದರ ಮೊದಲ ಮುಖ್ಯಸ್ಥರು. 1924ರಲ್ಲಿ ಜಿ.ಎಸ್. ಘುರ್ಯೆ ಬಂದರು. ಅವರಲ್ಲಿ ಓದಲು 1930ರ ದಶಕದಲ್ಲಿ ಮೈಸೂರಿನಿಂದ ಬಂದ ತರುಣ ಎಂ.ಎನ್. ಶ್ರೀನಿವಾಸ್. ಹೋಟೆಲು ಕೆಲಸಕ್ಕೆ, ಬ್ಯಾಂಕು ಕೆಲಸಕ್ಕೆ ಮುಂಬಯಿಗೆ ಬಂದ ಕನ್ನಡ ನಾಡಿನವರ ಸಾಲಿನಲ್ಲಿ ಸಮಾಜವನ್ನು ಓದಲು ಬಂದವರೂ ಇದ್ದರು ಎಂಬುದನ್ನು ನಾವು ಮರೆಯುತ್ತೇವೆ. ಶ್ರೀನಿವಾಸರು ಮುಂದೆ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ಆ ಹಳ್ಳಿಗೆ ಅವರು ಬರಹದಲ್ಲಿ ಕೊಟ್ಟ ಹೆಸರು ರಾಂಪುರ. ಪುಸ್ತಕದಲ್ಲಿ ಕಾಣುವ ಸಮಾಜ ಬೇರೆ, ಜನರ ನಡುವೆ ಇದ್ದಾಗ ಕಾಣುವ ಸಮಾಜ ಬೇರೆ ಎಂಬುದು ಅವರು ಜೀವಮಾನವಿಡೀ ಹೇಳಿದ ಮಾತು. ರಿಜಿಸ್ಟರಿನಲ್ಲಿ ಕಾಣುವ ಹುಡುಗ ಬೇರೆ, ಮೋರಿಯ ಮುಂದೆ ಕುಳಿತ ಹುಡುಗ ಬೇರೆ ಎಂದು ನಾನು ಕಲಿತದ್ದೂ ಇದನ್ನೇ.

ಇಷ್ಟರಲ್ಲಿ ಎಣಿಕೆಯೂ ಸುರುವಾಗಿತ್ತು. 1927ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಾತಾಡುತ್ತ ಡಾ. ಅಂಬೇಡ್ಕರ್ ಒಂದು ಅಂಕಿಯನ್ನು ಸದಸ್ಯರ ಮುಂದೆ ಇಟ್ಟರು: ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ ನಾಲ್ಕನೇ ತರಗತಿ ತಲುಪುವವರು 18 ಮಾತ್ರ, ಉಳಿದ 82 ಮಂದಿ ಮತ್ತೆ ನಿರಕ್ಷರಿಗಳಾಗುತ್ತಾರೆ. ಎರಡು ವರ್ಷದ ನಂತರ, 1929ರಲ್ಲಿ, ಹಾರ್ಟಾಗ್ ಸಮಿತಿ ಇಡೀ ಬ್ರಿಟಿಷ್ ಭಾರತದ ಲೆಕ್ಕ ಕೊಟ್ಟಿತು: 1922-23ರಲ್ಲಿ ಒಂದನೇ ತರಗತಿಯಲ್ಲಿದ್ದ 100 ಹುಡುಗರಿಗೆ 1925-26ರಲ್ಲಿ ನಾಲ್ಕನೇ ತರಗತಿಯಲ್ಲಿ ಇದ್ದವರು 18. ಸಮಿತಿ ಇದಕ್ಕೆ 'ವೇಸ್ಟೇಜ್' ಎಂದು ಹೆಸರಿಟ್ಟಿತು. ವ್ಯರ್ಥ, ಪೋಲು. ಆಮೇಲೆ ಅದೇ ಪದ ಶಿಕ್ಷಣ ಇಲಾಖೆಗಳ ಬಾಯಲ್ಲಿ ನಿಂತಿತು. ನನಗೆ ಆ ಪದ ಚುಚ್ಚುತ್ತದೆ. ಪೋಲಾದದ್ದು ಏನು? ಸರಕಾರದ ದುಡ್ಡೋ, ಮಗುವಿನ ಬಾಲ್ಯವೋ? ಪೋಲು ಮಾಡಿದವರು ಯಾರು? ಅಂಕಿ 18 ಎಂದು ಹೇಳುತ್ತದೆ, 82 ಯಾಕೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಯಾರಾದರೂ ಆ 82ರ ಮನೆಗೆ ಹೋಗಬೇಕು.

ಸ್ವಾತಂತ್ರ್ಯದ ನಂತರ ಹಾಗೆ ಹೋದವರು ಪುಣೆ ಮುಂಬಯಿಗಳಲ್ಲಿ ಹಲವರು. ಐ.ಪಿ. ದೇಸಾಯಿ ಪುಣೆಯ ಹೈಸ್ಕೂಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1953ರಲ್ಲಿ ಪುಸ್ತಕ ಪ್ರಕಟಿಸಿದರು. ಶಾಲೆಗೆ ಬರುವ ಹುಡುಗ ಯಾವ ಜಾತಿಯ, ಯಾವ ಕಸುಬಿನ ಮನೆಯಿಂದ ಬರುತ್ತಾನೆ ಎಂದು ಒಂದು ನಗರದ ಮಟ್ಟಿಗೆ ಹೀಗೆ ವಿವರವಾಗಿ ನೋಡಿದ ಆರಂಭದ ಕೆಲಸಗಳಲ್ಲಿ ಅದೂ ಒಂದು. 1955ರಲ್ಲಿ ಪುಣೆಯ ಗೋಖಲೆ ಸಂಸ್ಥೆಯಿಂದ ಗಾಡ್ಗೀಳ್ ಮತ್ತು ದಾಂಡೇಕರ್ ಅವರು ಸಾತಾರಾ ಜಿಲ್ಲೆಯ ಪ್ರಾಥಮಿಕ ಶಿಕ್ಷಣದ ವರದಿ ತಂದರು. ಶಾಲೆ ಬಿಟ್ಟವರ ಅಕ್ಷರ ಎಷ್ಟು ಉಳಿಯುತ್ತದೆ, ಮಕ್ಕಳು ನಡುವೆಯೇ ಹೇಗೆ ಉದುರುತ್ತಾರೆ ಎಂಬುದನ್ನು ಹಳ್ಳಿಗಳಿಗೆ ಹೋಗಿ ಕೇಳಿದ ವರದಿ ಅದು.

ಇನ್ನಿಬ್ಬರ ಹೆಸರನ್ನು ಊರಿನ ಓದುಗರಿಗೆ ಹೇಳಲೇಬೇಕು. ಒಬ್ಬರು ಜೆ.ಪಿ. ನಾಯಕ್. ಹುಟ್ಟಿದ್ದು ಕೊಲ್ಹಾಪುರದ ಕಡೆ, ಆದರೆ 1930ರ ದಶಕದಲ್ಲಿ ಬಳ್ಳಾರಿಯ ಜೈಲುವಾಸ ಮುಗಿಸಿ ಹೋಗಿ ನೆಲೆಸಿದ್ದು ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯಲ್ಲಿ. ಆ ಹಳ್ಳಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಮುಂದೆ 1964ರಿಂದ 1966ರವರೆಗೆ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ ಕಾರ್ಯದರ್ಶಿಯಾದರು. ಇಡೀ ದೇಶದ ಶಿಕ್ಷಣದ ಅಂಕಿ ಅಂಶಗಳು ಅವರ ಬೆರಳ ತುದಿಯಲ್ಲಿದ್ದವು, ಆದರೆ ಅಂಕಿಗೆ ಮುಂಚೆ ಅವರು ಒಂದು ಹಳ್ಳಿಯನ್ನು ನೋಡಿದ್ದರು. ಇನ್ನೊಬ್ಬರು ಎಂ.ಎಸ್. ಗೋರೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು, ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಐ.ಪಿ. ದೇಸಾಯಿ, ಸುಮಾ ಚಿಟ್ನಿಸ್ ಜತೆ ಸೇರಿ ಗೋರೆಯವರು ಸಂಪಾದಿಸಿದ ಶಿಕ್ಷಣ ಸಮಾಜಶಾಸ್ತ್ರದ ಲೇಖನ ಸಂಪುಟ 1967ರಲ್ಲಿ ಬಂತು. ಹಲವು ರಾಜ್ಯಗಳಲ್ಲಿ ವಿದ್ಯಾರ್ಥಿ, ಮಾಸ್ತರ, ತಂದೆತಾಯಿ ಮೂವರನ್ನೂ ಮಾತಾಡಿಸಿದ ಕ್ಷೇತ್ರ ಅಧ್ಯಯನ 1970ರಲ್ಲಿ ಬಂತು. ಮಗುವಿಗೆ ಅಂಕ ಕೊಡುವುದಷ್ಟೇ ಅಲ್ಲ, ಮಾಸ್ತರನ್ನೂ ಕೇಳಬೇಕು, ಅಪ್ಪ ಅಮ್ಮನನ್ನೂ ಕೇಳಬೇಕು ಎಂಬ ರೂಢಿ ಬೆಳೆದದ್ದು ಇಂಥ ಕೆಲಸದಿಂದ. ಸುಮಾ ಚಿಟ್ನಿಸ್ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಬಗ್ಗೆ 1981ರಲ್ಲಿ ಬರೆದ ಪುಸ್ತಕ, ಬಾಗಿಲು ತೆರೆದರೆ ಸಾಲದು, ಒಳಗೆ ಬಂದ ಮೇಲೆ ಏನಾಗುತ್ತದೆ ನೋಡಬೇಕು ಎಂಬುದನ್ನು ನನಗೆ ಕಲಿಸಿತು. ಧಾರವಾಡದ ಹುಡುಗನ ಅರ್ಜಿಗೆ ಒಂದೂಕಾಲು ಶತಮಾನದ ನಂತರ ಬಂದ ಮುಂದಿನ ಪ್ರಶ್ನೆ ಅದು.

ನಮ್ಮ ರಾಜ್ಯಕ್ಕೂ ಇಂಥ ಎಣಿಕೆ ಹೊಸದಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ, 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರ ಆಯೋಗ, ಎರಡೂ ಕೇಳಿದ ಪ್ರಶ್ನೆ ಒಂದೇ: ಶಾಲೆಯಲ್ಲಿ, ಕಚೇರಿಯಲ್ಲಿ ಯಾರಿದ್ದಾರೆ, ಯಾರಿಲ್ಲ? ಎಣಿಸಲು ಹೊರಟಾಗ ಜಗಳ ಎದ್ದದ್ದೂ ಉಂಟು. ಎಣಿಸಿದರೆ ಬದಲಾಯಿಸಬೇಕಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಅಪ್ಪ ಅಮ್ಮನನ್ನು ಕೇಳಿದರೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ದೆಹಲಿಯಿಂದ ಬಂತು. ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಹಳ್ಳಿಯ ಜನಕ್ಕೆ ಮಕ್ಕಳನ್ನು ಓದಿಸುವ ಮನಸ್ಸಿಲ್ಲ ಎಂದು ಇಲಾಖೆಯವರೂ ಪಟ್ಟಣದವರೂ ಹೇಳುತ್ತಿದ್ದರು. 1996ರಲ್ಲಿ ಸಂಶೋಧಕರು ಆ ಹಳ್ಳಿಗಳಿಗೆ ಹೋಗಿ ಮನೆಮನೆಯಲ್ಲಿ ಕೇಳಿದರು. 'ಪ್ರೋಬ್' ಎಂಬ ಹೆಸರಿನಲ್ಲಿ 1999ರಲ್ಲಿ ವರದಿ ಬಂತು. ಗಂಡು ಮಗು ಓದುವುದು ಮುಖ್ಯ ಎಂದ ತಂದೆತಾಯಿಗಳು ನೂರಕ್ಕೆ 98. ಹೆಣ್ಣು ಮಗು ಓದುವುದು ಮುಖ್ಯ ಎಂದವರು ನೂರಕ್ಕೆ 89. ಮನಸ್ಸಿಲ್ಲದ್ದು ಅವರಿಗಲ್ಲ. ಮಾಡು ಸೋರುವ ಶಾಲೆ, ಪಾಠ ನಡೆಯದ ಕ್ಲಾಸು, ಪುಸ್ತಕ ಬಟ್ಟೆಗಳ ಖರ್ಚು, ಇವು ಬೇರೆ ಕತೆ ಹೇಳಿದವು. ನೂರು ವರ್ಷದಿಂದ ಮಾಸ್ತರರು, ಇನ್ಸ್‌ಪೆಕ್ಟರರು ಬರೆದುಕೊಂಡು ಬಂದ ಒಂದು ಮಾತನ್ನು, ಮನೆಗೆ ಹೋಗಿ ಕೇಳಿದ ಒಂದು ಪ್ರಶ್ನೆ ಸುಳ್ಳು ಮಾಡಿತು.

ಆದರೂ ಆ ಕಲಂ ಸತ್ತಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಶಿಕ್ಷಣದ ಪ್ರಶ್ನಾವಳಿಯಲ್ಲೂ, ಓದು ಬಿಟ್ಟ ಕಾರಣಗಳ ಪಟ್ಟಿಯಲ್ಲಿ 'ಓದಿನಲ್ಲಿ ಆಸಕ್ತಿ ಇಲ್ಲ' ಎಂಬುದು ಒಂದು. ಉತ್ತರ ಹೇಳುವವರೂ ಅದನ್ನೇ ಹೇಳಿಬಿಡುತ್ತಾರೆ, ಯಾಕೆಂದರೆ ಅಷ್ಟು ವರ್ಷ ಕೇಳಿ ಕೇಳಿ ತಮ್ಮ ಬಗ್ಗೆ ತಾವೇ ನಂಬಿರುತ್ತಾರೆ. ಆಸಕ್ತಿ ಎಂಬುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಓದಲು ಮನಸ್ಸಿಲ್ಲದ ಹುಡುಗರು ಎಲ್ಲ ಕಾಲದಲ್ಲೂ ಇದ್ದಾರೆ, ಸಾಹುಕಾರರ ಮನೆಯಲ್ಲೂ ಇದ್ದಾರೆ. ಆದರೆ ಸಾಹುಕಾರರ ಮನೆಯ ಹುಡುಗ ಆಸಕ್ತಿ ಇಲ್ಲದೆಯೂ ಪದವಿ ಮುಗಿಸುತ್ತಾನೆ. ಬಡವನ ಮಗನಿಗೆ ಆಸಕ್ತಿ ಒಂದು ದಿನ ತಪ್ಪಿದರೂ ಸಾಕು, ಹೆಸರು ಹೊಡೆದು ಹಾಕುತ್ತೇವೆ. ಇದನ್ನು ಕಾಣಬೇಕಾದರೆ ಒಬ್ಬ ಹುಡುಗನನ್ನು ನೋಡಿದರೆ ಆಗುವುದಿಲ್ಲ, ಎರಡೂ ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಮಾಜಶಾಸ್ತ್ರ ಮಾಡುವುದು ಅಷ್ಟೇ.

ನಮ್ಮ ಶಾಲೆಯಲ್ಲಿ ಮುಂದೇನಾಯಿತು ಎಂದು ಓದುಗರು ಕೇಳಬಹುದು. ಆ ಎರಡು ಕಟ್ಟು ಹಾಳೆಗಳನ್ನು ಹಿಡಿದುಕೊಂಡು ನಾವು ಮೂರು ನಾಲ್ಕು ಮಂದಿ ಕಮಿಟಿಯ ಮುಂದೆ ಹೋದೆವು. ಮಧ್ಯಾಹ್ನ ಮೂರರಿಂದ ಐದರವರೆಗೆ ಇನ್ನೊಂದು ಕ್ಲಾಸು ಇಡೋಣ ಅಂದೆವು. ಮುಖ್ಯೋಪಾಧ್ಯಾಯರು ಮೊದಲು ಒಪ್ಪಲಿಲ್ಲ, ಆಮೇಲೆ ಅವರೇ ಪಾಠ ಮಾಡಲು ಮುಂದೆ ಬಂದರು. ಹಗಲಲ್ಲಿ ಕೋಣೆ ಸಿಗದೆ ಒಂದು ದೇವಸ್ಥಾನದ ಜಗಲಿಯಲ್ಲಿ ನಡೆಸಿದೆವು. ಕೆಲವು ಹೋಟೆಲು ಧಣಿಗಳು ಹುಡುಗರನ್ನು ಬಿಟ್ಟರು, ಕೆಲವರು "ಮಾಣಿಗೆ ವಿದ್ಯೆ ಬಂದ್ರೆ ನಮ್ಮ ಲೋಟ ತೊಳೆಯುವವ ಯಾರು?" ಎಂದು ನಗೆಯಾಡಿದರು. ಎರಡು ವರ್ಷ ನಡೆಯಿತು. ಹಗಲು ಪಾಠ ಮಾಡುವವರು ಸಿಗದೆ ನಿಂತಿತು. ಅದರಲ್ಲಿ ಓದಿ ಮೆಟ್ರಿಕ್ ಮುಗಿಸಿದ ಹುಡುಗರಿದ್ದಾರೆ. ನಾನು ಹೊರಗೆ ಕಳಿಸಿದವನು ಅವರಲ್ಲಿ ಇಲ್ಲ. ಹುಡುಕಿಕೊಂಡು ಹೋದಾಗ ಪುಣೆಯ ಹೋಟೆಲಿಗೆ ಹೋದ ಎಂದರು. ಅಲ್ಲಿ ಹೋಗಿ ವಿಚಾರಿಸಿದೆ, ಅಲ್ಲೂ ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ನಿಷೇಧ ಬಂದದ್ದು 2006ರಲ್ಲಿ. ಅವನಿಗೆ ಅಷ್ಟು ಹೊತ್ತಿಗೆ ನಲವತ್ತು ದಾಟಿರಬೇಕು.

ಈಗ ಊರಿಗೆ ಬಂದಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮುಂಬಯಿಯಲ್ಲಿ ಕನ್ನಡ ಶಾಲೆಗಳು ಮುಚ್ಚುತ್ತಾ ಬಂದವಂತಲ್ಲ, ನಿಮ್ಮವರಿಗೆ ಅಭಿಮಾನ ಸತ್ತುಹೋಯ್ತಾ?" ಈ ಪ್ರಶ್ನೆ ಕೇಳಿದ ಕೂಡಲೇ ನನಗೆ ಆ ಕಲಂ ಕಣ್ಣಿಗೆ ಕಟ್ಟುತ್ತದ�. ಅಭಿಮಾನ ಇಲ್ಲ, ಆಸಕ್ತಿ ಇಲ್ಲ, ಎರಡೂ ಒಂದೇ ಶಾಯಿ. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿಗಳ ಜತೆ ಕನ್ನಡ ಮಾಧ್ಯಮದಲ್ಲೂ ಶಾಲೆ ನಡೆಸಿಕೊಂಡು ಬಂದಿದೆ. ಅಂಥ ಶಾಲೆಗಳಲ್ಲಿ ನಾನು ಕಂಡ ಮಕ್ಕಳು ಕರಾವಳಿಯ ಹೋಟೆಲಿನವರ ಮೊಮ್ಮಕ್ಕಳಲ್ಲ. ಅವರೆಲ್ಲ ಇಂಗ್ಲಿಷ್ ಶಾಲೆಗೆ ಹೋಗಿ ಎಷ್ಟೋ ಕಾಲವಾಯಿತು. ಬಂದು ಕುಳಿತವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ಬಿತ್ತನೆಗೆ ಅಪ್ಪ ಅಮ್ಮ ಊರಿಗೆ ಹೋದರೆ ಮಗುವೂ ಹೋಗುತ್ತದೆ. ಕಟ್ಟಡ ಮುಗಿದು ಗುಡಿಸಲು ಎದ್ದರೆ ಶಾಲೆಯೂ ತಪ್ಪುತ್ತದೆ. ಇವರಿಗೆ ಕನ್ನಡ ಶಾಲೆ ಅಭಿಮಾನದ ಮಾತಲ್ಲ, ಇರುವುದು ಅದೊಂದೇ ದಾರಿ. ಶಾಲೆ ಎಷ್ಟು ಮುಚ್ಚಿದವು ಎಂದು ಪತ್ರಿಕೆಗಳು ಎಣಿಸುತ್ತವೆ. ಮುಚ್ಚಿದ ಮೇಲೆ ಆ ಮಗು ಎಲ್ಲಿಗೆ ಹೋಯಿತು ಎಂದು ಹಿಂದೆ ಹೋಗಿ ಕೇಳುವವರು ಬೇಕಾಗಿದ್ದಾರೆ.

ಹೊರನಾಡಿನಲ್ಲಿ ಇದ್ದವನು ಊರಿನವರಿಗೆ ಉಪದೇಶ ಮಾಡಬಾರದು. ಆದರೂ ಒಂದು ಮಾತು. ನಾವು ಮುಂಬಯಿಗೆ ಹೋದ ಹಾಗೆ ಈಗ ಬೆಂಗಳೂರಿಗೆ ಒಡಿಶಾ, ಬಿಹಾರ, ಬಂಗಾಳದಿಂದ ದುಡಿಯುವವರು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬರುತ್ತಿದ್ದಾರೆ. ಅವರ ಮಕ್ಕಳೂ ನಿಮ್ಮ ಬೀದಿಯ ಸರಕಾರಿ ಶಾಲೆಗೆ ಬಂದು, ಗೊತ್ತಿಲ್ಲದ ಭಾಷೆಯಲ್ಲಿ ಕಣ್ಣು ಕಣ್ಣು ಬಿಟ್ಟು ಕುಳಿತು, ಒಂದು ದಿನ ಹೇಳದೆ ಹೋಗಿಬಿಡುತ್ತಾರೆ. ಆಗ ನಿಮ್ಮ ಶಾಲೆಯ ಮೇಡಂ ಒಬ್ಬರು ಪುಸ್ತಕ ತೆರೆದು ಏನಾದರೊಂದು ಬರೆಯಬೇಕಾಗುತ್ತದೆ.

ಬರೆಯುವ ಮುಂಚೆ ಒಮ್ಮೆ ಆ ಶೆಡ್ಡಿನ ತನಕ ಹೋಗಿ ಬರಲಿ. ಅಥವಾ ಹೋಗಿ ಬಂದವರ ವರದಿಯನ್ನಾದರೂ ಓದಲಿ. ನಾನು ಹೋಗದೆ ಬರೆದೆ.